ಹಾಡಿನ ಆ್ಯಪ್ ಮುಚ್ಚಿದರೆ

2024ರ ಜನವರಿ ಕೊನೆಗೆ ರೆಸ್ಸೋ ಹೋಯಿತು. ಅದೇ ವರ್ಷ ವಿಂಕ್ ಮುಚ್ಚುವುದಾಗಿ ಏರ್‌ಟೆಲ್ ಹೇಳಿತು. ಹೊಸ ಆ್ಯಪಿಗೆ ದುಡ್ಡು ಕಟ್ಟುವ ಮೊದಲು, ಊಟಿ-ಗೂಡಲೂರು ಕಡೆಯವರೇ, ನೀವು ದಿನಾ ಕೇಳುವ ಹತ್ತು ಹಾಡುಗಳನ್ನು ಅದರಲ್ಲಿ ಹುಡುಕಿ ನೋಡಿ. ರಾಜ್‌ಕುಮಾರ್ ಎಲ್ಲೆಡೆ ಸಿಗುತ್ತಾರೆ. ಕಾಳಿಂಗರಾಯರ ಹಳೆಯ ಭಾವಗೀತೆಗಳೇ ನಿಜವಾದ ಪರೀಕ್ಷೆ. ಬಡಗ ಹಾಡು ಬೇಕಾದವರು ಯೂಟ್ಯೂಬ್ ಮ್ಯೂಸಿಕ್ ಕಡೆ ವಾಲುವುದು ಲೇಸು. ಹಟ್ಟಿಯ ಹುಡುಗರು ಯೂಟ್ಯೂಬಿಗೆ ಏರಿಸಿದ ಹಾಡೂ ಅಲ್ಲಿ ಸಿಕ್ಕೀತು.

ಮಸಿನಗುಡಿಯಿಂದ ಕಲ್ಲಟ್ಟಿಯ 36 ತಿರುವು ಹತ್ತುವಾಗಲೋ, ಮುದುಮಲೆ-ಬಂಡೀಪುರದ ಕಾಡು ದಾಟುವಾಗಲೋ ಸಿಗ್ನಲ್ ನಂಬಬೇಡಿ. ಹಾಗಾಗಿ ಡೌನ್‌ಲೋಡ್ ಸೌಲಭ್ಯ ಮುಖ್ಯ. ಆದರೆ ಹಾಗೆ ಇಳಿಸಿಕೊಂಡ ಹಾಡು ನಿಮ್ಮ ಸ್ವಂತದ್ದಲ್ಲ: ಚಂದಾ ನಿಂತರೆ ಅದೂ ನಿಂತಿತು. ಸ್ಪಾಟಿಫೈನಲ್ಲಂತೂ 30 ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್‌ಗೆ ಬರಲೇಬೇಕು.

ಮೊದಲಿಗೇ ವರ್ಷದ ಚಂದಾ ಬೇಡ, ತಿಂಗಳದ್ದು ಸಾಕು. ರಿಯಾಯಿತಿಯ ಆಸೆ ತೋರಿಸಿಯೇ ತೋರಿಸುತ್ತಾರೆ, ಬಿಡಿ. ಹಳೆಯ ಆ್ಯಪ್ ಇನ್ನೂ ತೆರೆಯುತ್ತಿದ್ದರೆ ಇವತ್ತೇ ನಿಮ್ಮ ಹಾಡುಪಟ್ಟಿಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ತೀರಾ ಬೇಕಾದ ಹಾಡುಗಳ ಹಳೆಯ ಸಿಡಿ ಮನೆಯಲ್ಲಿದ್ದರೆ ಅದನ್ನು ಎಂಪಿ3 ಮಾಡಿ ಮೆಮೊರಿ ಕಾರ್ಡಿಗೆ ಹಾಕಿಕೊಳ್ಳಿ.