ಅಜ್ಜಿಯ ಆರೈಕೆ ಯಾರ ಕೆಲಸ?



ಎಷ್ಟೋ ಮನೆಗಳಲ್ಲಿ ಹೀಗೆ ಆಗುತ್ತದೆ. ಅತ್ತೆಗೆ ಲಕ್ವ ಹೊಡೆಯುತ್ತದೆ. ಒಂದು ಕೈ, ಒಂದು ಕಾಲು ಆಡುವುದಿಲ್ಲ. ನಾವು ಕೂಲಿಗೆ ಹೋಗಬೇಕು. ಅತ್ತೆಯನ್ನು ನೋಡುವವರು ಯಾರು? ಮನೆಯಲ್ಲಿ 13 ವರ್ಷದ ಮಗಳಿದ್ದಾಳೆ. "ಇವತ್ತೊಂದು ದಿನ ಸ್ಕೂಲಿಗೆ ಹೋಗಬೇಡ ಕಣೇ" ಅಂತೀವಿ. ಒಂದು ದಿನ ವಾರವಾಗುತ್ತದೆ. ವಾರ ತಿಂಗಳಾಗುತ್ತದೆ. ಸ್ಕೂಲು ಬಿಟ್ಟೇ ಹೋಗುತ್ತದೆ.

ಆ ಹುಡುಗಿಯ ಕೆಲಸ ಲೆಕ್ಕ ಹಾಕೋಣ. ಅಜ್ಜಿಯ ಮೈ ಒರೆಸಬೇಕು. ಗಂಜಿ ಕುಡಿಸಬೇಕು. ಬಟ್ಟೆ ಒಗೆಯಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ದೊಡ್ಡವರ ಭಾರ ಎತ್ತುವ ಶಕ್ತಿ ಮಗುವಿಗೆ ಇದೆಯೇ?

ಮನಸ್ಸಿನ ಭಾರವೂ ಇದೆ. ಅವಳಿಗೆ ಅಜ್ಜಿಯ ಮೇಲೆ ಪ್ರೀತಿ. ಒಮ್ಮೊಮ್ಮೆ ಸಿಟ್ಟೂ ಬರುತ್ತದೆ. ಸಿಟ್ಟು ಬಂತಲ್ಲ ಅಂತ ಅಳುವೂ ಬರುತ್ತದೆ. ಯಾರಿಗೂ ಹೇಳುವುದಿಲ್ಲ. "ನಮ್ಮ ಹುಡುಗಿ ಬಲು ಜಾಣೆ" ಅಂತ ನಾವು ಹೊಗಳುತ್ತೇವೆ. ಹೊಗಳಿಕೆ ಕೇಳಿದ ಮೇಲೆ ಅವಳು ಕಷ್ಟ ಹೇಳುವುದು ಹೇಗೆ?

ಕಾನೂನು ಏನು ಹೇಳುತ್ತದೆ? ಹಿರಿಯ ನಾಗರಿಕರ ಪೋಷಣೆಗೆ 2007ರಲ್ಲಿ ಕಾಯ್ದೆ ಬಂತು. ಅದರಂತೆ ಗಂಡು ಮಕ್ಕಳು, ಹೆಣ್ಣು ಮಕ್ಕಳು, ಮೊಮ್ಮಕ್ಕಳು ಹಿರಿಯರನ್ನು ನೋಡಿಕೊಳ್ಳಬೇಕು. ಆದರೆ 18 ವರ್ಷ ತುಂಬದವರ ಮೇಲೆ ಆ ಹೊಣೆ ಇಲ್ಲ. 6ರಿಂದ 14 ವರ್ಷದ ಮಕ್ಕಳು ಸ್ಕೂಲಿನಲ್ಲಿ ಇರಬೇಕು. ಇದಕ್ಕೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ.

"ಕೂಲಿ ಬಿಟ್ಟರೆ ಹೊಟ್ಟೆಗೇನು?" ಅಂತ ನೀವು ಕೇಳಬಹುದು. ಮಾತು ನಿಜ. ಅದಕ್ಕೇ ಭಾರ ಹಂಚಿಕೊಳ್ಳಬೇಕು. ಅತ್ತೆಗೆ ಬೇರೆ ಮಕ್ಕಳಿಲ್ಲವೇ? ಮೈದುನ, ನಾದಿನಿಯರನ್ನು ಕರೆದು ಕೂರಿಸೋಣ. ಕೆಲವು ದಿನ ಅವರು ನೋಡಲಿ. ಬರಲು ಆಗದವರು ಹಣ ಕೊಡಲಿ. ತಾಯಿಯ ಮೈ ಒರೆಸಿದರೆ ಗಂಡಸಿನ ಮರ್ಯಾದೆ ಹೋಗುವುದಿಲ್ಲ. ಮಗನೂ ನೀರು ತರಲಿ, ಬಟ್ಟೆ ಒಗೆಯಲಿ. ಮಗಳೂ ಸ್ಕೂಲಿಂದ ಬಂದು ಅಜ್ಜಿಯ ಹತ್ತಿರ ಕೂತು ಮಾತಾಡಲಿ. ಅಷ್ಟು ಸಾಕು.

ಆಶಾ ಕಾರ್ಯಕರ್ತೆಯನ್ನು ಕೇಳೋಣ. ಸರ್ಕಾರಿ ಆಸ್ಪತ್ರೆಯಲ್ಲಿ ಕೈಕಾಲು ಆಡಿಸುವ ವ್ಯಾಯಾಮ ಹೇಳಿಸಿಕೊಳ್ಳೋಣ. ಲಕ್ವ ಹೊಡೆದ ಎಷ್ಟೋ ಜನ ವ್ಯಾಯಾಮದಿಂದ ತಾವೇ ಎದ್ದು ಕೂರುತ್ತಾರೆ. ತಾವೇ ಉಣ್ಣುತ್ತಾರೆ. ಆಗ ಎಲ್ಲರ ಭಾರವೂ ಇಳಿಯುತ್ತದೆ.

ಸ್ಕೂಲು ತಪ್ಪಿದ್ದರೆ ಮೇಷ್ಟರನ್ನು ಕಾಣೋಣ. ಮಗಳನ್ನು ಮತ್ತೆ ಕಳಿಸೋಣ. ನಾವು ಅಕ್ಷರ ಕಲಿಯಲು ಇಷ್ಟು ವರ್ಷ ಕಾದೆವು. ಅವಳೂ ಕಾಯಬೇಕೇ?

ಮಾತಾಡೋಣ:
1. ನಿಮ್ಮ ಬೀದಿಯಲ್ಲಿ ಆರೈಕೆಗಾಗಿ ಸ್ಕೂಲು ಬಿಟ್ಟ ಮಕ್ಕಳಿದ್ದಾರೆಯೇ?
2. ನಿಮ್ಮ ಮನೆಯಲ್ಲಿ ಕಾಯಿಲೆಯವರನ್ನು ಯಾರು ನೋಡುತ್ತಾರೆ? ಅವರಿಗೆ ಬಿಡುವು ಯಾವಾಗ?