ಪಂಚಮಿಯ ಜೋಕಾಲಿ ಬೇಡವೆಂದ ಮಗು

ಒಂದನೇ, ಎರಡನೇ ತರಗತಿಯ ಮಗುವಿಗೂ ಖಿನ್ನತೆ ಬರುತ್ತದೆ ಎಂದರೆ ನಮ್ಮ ಕಡೆ ಈಗಲೂ ಯಾರೂ ಒಪ್ಪುವುದಿಲ್ಲ. "ಆ ವಯಸ್ಸಿಗೆ ಎಂಥಾ ಚಿಂತಿ ಬಿಡ್ರಿ, ಉಣ್ಣೋದು, ಆಡೋದು, ಮಲಗೋದು" ಎನ್ನುತ್ತಾರೆ. ಊರಿನವರನ್ನಷ್ಟೇ ದೂರಬೇಕಿಲ್ಲ. 1970ರ ದಶಕದವರೆಗೆ ಮನೋವೈದ್ಯರಲ್ಲೂ ಬಹಳ ಮಂದಿ ಹೀಗೇ ನಂಬಿದ್ದರು. ಖಿನ್ನತೆ ಬರುವಷ್ಟು ಮಗುವಿನ ಮನಸ್ಸು ಬಲಿತಿರುವುದಿಲ್ಲ ಎಂಬುದು ಅವರ ವಾದವಾಗಿತ್ತು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ದೊಡ್ಡವರ ಲಕ್ಷಣಗಳನ್ನೇ ಮಕ್ಕಳಿಗೂ ಅನ್ವಯಿಸಿತು. ಮುಂದೆ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೋನ್ ಲೂಬಿ ಮತ್ತು ಸಂಗಡಿಗರು ಶಾಲೆಗೆ ಇನ್ನೂ ಸೇರದ ಎಳೆಯರನ್ನು ವರ್ಷಗಟ್ಟಲೆ ಗಮನಿಸಿ, ಅವರಲ್ಲೂ ಈ ಕಾಯಿಲೆ ಇದೆ ಎಂದು ತೋರಿಸಿದರು. ನೂರರಲ್ಲಿ ಒಂದೋ ಎರಡೋ ಮಕ್ಕಳು. ಅಂದರೆ ನನ್ನಂಥ ನಲಿ-ಕಲಿ ಶಿಕ್ಷಕಿ ನಿವೃತ್ತಿಯಾಗುವುದರೊಳಗೆ ಇಂಥ ಹಲವು ಮಕ್ಕಳು ಅವಳ ಕಣ್ಣ ಮುಂದೆಯೇ ದಾಟಿ ಹೋಗಿರುತ್ತಾರೆ.

ನಾನು ಕಲಿಸುವುದು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ. ನಾನು ಗುರುತು ಹಿಡಿದ ಮೊದಲ ಮಗು ಎರಡನೇ ತರಗತಿಯ ಹುಡುಗಿ. ಅಪ್ಪ ಅವ್ವ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು, ಮಗು ಅಜ್ಜಿಯ ಹತ್ತಿರ ಉಳಿದಿತ್ತು. ನಮ್ಮ ಭಾಗದ ಎಷ್ಟೋ ಮನೆಗಳ ಸ್ಥಿತಿ ಇದು. ಆಕೆ ಅಳಲಿಲ್ಲ, ರಚ್ಚೆ ಹಿಡಿಯಲಿಲ್ಲ. ಬಹಳ ಒಳ್ಳೆಯ ಹುಡುಗಿಯಾಗಿಬಿಟ್ಟಳು. ಕೂರಿಸಿದಲ್ಲಿ ಕೂರುವಳು, ಕೇಳಿದರಷ್ಟೇ ಮಾತು. ಗದ್ದಲದ ತರಗತಿಯಲ್ಲಿ ಇಂಥ ಮಗು ವರವೆನಿಸುತ್ತದೆ. "ಎಷ್ಟ ಶಾಣ್ಯಾ ಅದಾಳ ನೋಡ್ರಿ" ಎಂದು ಶಾಲೆಯಲ್ಲಿ ಎಲ್ಲರೂ ಹೊಗಳುತ್ತಿದ್ದರು.

ನನಗೆ ಸಂಶಯ ಹುಟ್ಟಿಸಿದ್ದು ಗೋಡೆ. ನಲಿ-ಕಲಿ ಕೋಣೆಯಲ್ಲಿ ಮಕ್ಕಳ ಎತ್ತರಕ್ಕೆ ಸುತ್ತಲೂ ಗೋಡೆಗೆ ಕಪ್ಪು ಬಳಿದು, ಒಬ್ಬೊಬ್ಬರಿಗೆ ಒಂದೊಂದು ಜಾಗ ಬಿಟ್ಟಿರುತ್ತೇವೆ. ಆಕೆಯ ಜಾಗದಲ್ಲಿ ಯಾವಾಗಲೂ ಒಂದು ನವಿಲು ಇರುತ್ತಿತ್ತು. ಅಳಿಸಿದರೆ ಮತ್ತೆ ಬರೆಯುತ್ತಿದ್ದಳು. ಬರಬರುತ್ತಾ ಅಲ್ಲಿ ನಾನು ಬರೆಯಲು ಹೇಳಿದ ಅಕ್ಷರ ಬಿಟ್ಟು ಬೇರೇನೂ ಉಳಿಯಲಿಲ್ಲ. ಬೆಳಗಿನ ಹಾಲನ್ನು ಇನ್ನೊಂದು ಲೋಟ ಕೇಳಿ ಕುಡಿಯುತ್ತಿದ್ದವಳು ಅರ್ಧಕ್ಕೇ ಇಡತೊಡಗಿದಳು. ಕುಂಟಾಬಿಲ್ಲೆಯಲ್ಲಿ ತನ್ನ ಸರದಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಕಟ್ಟೆಗೆ ಬಂದು ಕೂರುವಳು. ದಿನಾ ಬೆಳಿಗ್ಗೆ ಹೊಟ್ಟೆನೋವು. ಜಂತುಹುಳುವಿನ ಗುಳಿಗೆ ಕೊಟ್ಟಾಯಿತು, ಅಜ್ಜಿ ದೃಷ್ಟಿ ತೆಗೆದು ತಾಯತ ಕಟ್ಟಿಸಿದ್ದೂ ಆಯಿತು. ಇವುಗಳಲ್ಲಿ ಯಾವೊಂದೂ ದೊಡ್ಡದಲ್ಲ. ಎಲ್ಲವೂ ಒಂದೇ ಮಗುವಿನಲ್ಲಿ, ಒಂದೇ ಕಾಲಕ್ಕೆ ಬಂದದ್ದು ದೊಡ್ಡದು.

"ಅವ್ವನ್ನ ನೆನಸ್ಕೊಂಡು ಹಂಗ ಮಾಡ್ತಾಳ್ರಿ ಅಕ್ಕೋರ, ಅಕಿ ಬಂದ್ರ ಸರಿ ಹೋಗ್ತಾಳ" ಎಂದಳು ಅಜ್ಜಿ. ಅದು ನಂಬುವಂಥ ಮಾತೇ. ನಾಗರ ಪಂಚಮಿಗೆ ಅವ್ವ ಬಂದಳು. ಉತ್ತರ ಕರ್ನಾಟಕದಲ್ಲಿ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಮರಮರಕ್ಕೂ ಜೋಕಾಲಿ, ಮನೆಮನೆಯಲ್ಲೂ ಉಂಡಿ. ಅವತ್ತು ಆ ಮಗು ಅವ್ವನ ಮಗ್ಗುಲಲ್ಲೇ ಕೂತಿತ್ತು, ಕೈಯಲ್ಲಿ ಶೇಂಗಾದ ಉಂಡಿ ಕಚ್ಚದೆ ಹಾಗೇ ಇತ್ತು. ಓರಗೆಯ ಹುಡುಗಿಯರು ಕರೆದರೆ ಬೇಡವೆಂದು ತಲೆಯಾಡಿಸಿತು. ಅವ್ವ ಎತ್ತಿ ಜೋಕಾಲಿಯಲ್ಲಿ ಕೂರಿಸಿದಳು. ತೂಗುವಷ್ಟು ಹೊತ್ತು ಕೂತು, ನಿಂತ ಮೇಲೆ ಇಳಿದು ಬಂತು.

ಈ ವಿಷಯದಲ್ಲಿ ನಾನು ಕಲಿತದ್ದೆಲ್ಲ ಅಲ್ಲಿಂದ ಶುರು. ದುಃಖವಾದ ಮಗು ಅಳುತ್ತದೆ, ಬೇಕಾದದ್ದು ಸಿಕ್ಕರೆ ಮೂಗು ಒರೆಸಿಕೊಂಡು ಆಟಕ್ಕೆ ಓಡುತ್ತದೆ. ಖಿನ್ನತೆಗೆ ಸಿಕ್ಕಿದ ಮಗುವಿಗೆ ಬೇಕಾದದ್ದು ಬಂದು ಪಕ್ಕದಲ್ಲಿ ಕೂತರೂ ಮುಖ ಅರಳುವುದಿಲ್ಲ. ಲೂಬಿಯವರ ಅಧ್ಯಯನಗಳಲ್ಲೂ ಎಳೆಯರ ಖಿನ್ನತೆಯನ್ನು ಬೇರೆ ತೊಂದರೆಗಳಿಂದ ಬಿಡಿಸಿ ತೋರಿಸಿದ ದೊಡ್ಡ ಲಕ್ಷಣ ಇದೇ: ಆಟದಲ್ಲಿ ಖುಷಿ ಇಲ್ಲವಾಗುವುದು. ಇನ್ನೊಂದು ಲಕ್ಷಣ, ತಪ್ಪೆಲ್ಲ ತನ್ನದೇ ಎಂದುಕೊಳ್ಳುವುದು. ಒಂದು ದಿನ ಮಣ್ಣಿನ ಗೊಂಬೆ ಮಾಡುತ್ತಾ ಆಕೆ ತಲೆಯೆತ್ತದೆ ಹೇಳಿದಳು: "ನಾ ಛಲೋ ಇಲ್ರಿ ಅಕ್ಕೋರ, ಅದಕ್ಕ ಬಿಟ್ಟು ಹೋಗ್ಯಾರ." ಏಳು ವರ್ಷದ ಮಗು ತನ್ನ ಮೇಲೆ ತಾನೇ ಕೊಟ್ಟುಕೊಂಡಿದ್ದ ತೀರ್ಪು ಅದು.

ಧಾರವಾಡದ ಡಿಮ್ಹಾನ್ಸ್‌ಗೆ ತೋರಿಸೋಣ ಎಂದಾಗ ಅಜ್ಜಿ ಬೆಚ್ಚಿದಳು. ನಮ್ಮ ಕಡೆ ಧಾರವಾಡದ ದವಾಖಾನೆ ಎಂದರೆ ಹುಚ್ಚಿನ ಮಾತೇ ಮೊದಲು ನೆನಪಾಗುತ್ತದೆ. ನಾಳೆ ಹುಡುಗಿಯ ಮದುವೆಗೆ ಅಡ್ಡಿಯಾದರೆ ಎಂಬ ಭಯ. ಆ ಭಯವನ್ನು ತಳ್ಳಿಹಾಕಿ ಮಾತಾಡಿದರೆ ಯಾರೂ ಬರುವುದಿಲ್ಲ. ಹೊಟ್ಟೆನೋವು ಯಾಕೆ ನಿಲ್ಲುತ್ತಿಲ್ಲ, ಕೇಳಿಕೊಂಡು ಬರೋಣ ಎಂದೆ. ಅದು ಸುಳ್ಳೂ ಆಗಿರಲಿಲ್ಲ. ಅವ್ವ, ಅಜ್ಜಿ ಇಬ್ಬರ ಜೊತೆ ನಾನೂ ಹೋದೆ.

ಅಲ್ಲಿ ಮೊದಲು ರಕ್ತ ಪರೀಕ್ಷೆ. ರಕ್ತಹೀನತೆ, ಥೈರಾಯ್ಡ್ ತೊಂದರೆ ಇದ್ದರೂ ಮಗು ಹೀಗೆ ಮಂಕಾಗಬಹುದು. ಯಾರಾದರೂ ಹೊಡೆಯುತ್ತಾರಾ, ಮೈ ಮುಟ್ಟುತ್ತಾರಾ ಎಂಬುದನ್ನೂ ಗೊಂಬೆಗಳ ಜೊತೆ ಆಡಿಸುತ್ತಾ ಮೆಲ್ಲಗೆ ವಿಚಾರಿಸಿದರು. ಗುಳಿಗೆ ಕೊಡಲಿಲ್ಲ. ಇಷ್ಟು ಚಿಕ್ಕವರಿಗೆ ಮೊದಲ ಚಿಕಿತ್ಸೆ ಮಾತು ಮತ್ತು ಆಟ, ಅದರಲ್ಲೂ ಮನೆಯವರಿಗೆ ಕೊಡುವ ತರಬೇತಿ. ದಿನಾ ಸ್ವಲ್ಪ ಹೊತ್ತು ಮಗು ಹೇಳಿದ ಆಟವನ್ನೇ ಆಡಬೇಕು. ಆ ಹೊತ್ತಿನಲ್ಲಿ ಕಲಿಸುವುದಿಲ್ಲ, ತಿದ್ದುವುದಿಲ್ಲ, ಗದರುವುದಿಲ್ಲ. ಸಿಟ್ಟು, ಹೆದರಿಕೆ, ಬೇಸರಕ್ಕೆ ಹೆಸರಿಟ್ಟು ಹೇಳಲು ಕಲಿಸಬೇಕು. ಅವ್ವ ಗೋವಾಕ್ಕೆ ಮರಳಿದರೂ ಫೋನು ದಿನಾ ಒಂದೇ ಹೊತ್ತಿಗೆ ಬರಬೇಕು, ತಪ್ಪಬಾರದು. ಅವ್ವ ದಸರೆಯವರೆಗೆ ಊರಲ್ಲೇ ಉಳಿದಳು. ಕೂಲಿ ಬಿಟ್ಟು ಉಳಿಯುವುದು ಆ ಮನೆಗೆ ಸಣ್ಣ ಮಾತಲ್ಲ, ಅದನ್ನು ನಾನು ಯಾವಾಗಲೂ ನೆನೆಯುತ್ತೇನೆ.

ಸುಧಾರಣೆಗೆ ತಿಂಗಳುಗಳೇ ಹಿಡಿದವು. ಮೊದಲು ಕಂಡ ಗುಣ ನಗು ಅಲ್ಲ, ಜಗಳ. ಕುಂಟಾಬಿಲ್ಲೆಯಲ್ಲಿ ಸರದಿ ತನ್ನದೆಂದು ಗೆಳತಿಯ ಜಡೆ ಹಿಡಿದೆಳೆದಳು. ನಾನು ಬಿಡಿಸಲು ಹೋದೆ, ಆದರೆ ಗದರಲು ಮನಸ್ಸು ಬರಲಿಲ್ಲ.

ಎಲ್ಲ ಮಕ್ಕಳೂ ಹೀಗೆ ಮುದುಡುವುದಿಲ್ಲ. ಅಪ್ಪ ತೀರಿಕೊಂಡ ಹುಡುಗನೊಬ್ಬ ಮುಂದೊಂದು ವರ್ಷ ನನ್ನ ತರಗತಿಯಲ್ಲಿದ್ದ. ಅವನು ಪಾಟಿ ಒಡೆಯುತ್ತಿದ್ದ, ಕಚ್ಚುತ್ತಿದ್ದ, ಸಣ್ಣದಕ್ಕೂ ಚೀರುತ್ತಿದ್ದ. ಊರು ಅವನಿಗೆ ಉಡಾಳ ಎಂದು ಹೆಸರಿಟ್ಟಿತ್ತು. ಮಕ್ಕಳ ಖಿನ್ನತೆಯಲ್ಲಿ ದುಃಖದ ಜಾಗದಲ್ಲಿ ಸಿಡುಕೇ ಇರಬಹುದು ಎಂದು ವೈದ್ಯರ ಕೈಪಿಡಿಯೇ ಹೇಳುತ್ತದೆ. ತಂಟೆ ಮಾಡುವ ಮಗುವಿಗೆಲ್ಲ ಕಾಯಿಲೆ ಎಂದಲ್ಲ. ಮೊದಲು ಹೀಗಿತ್ತೇ, ಎರಡು ವಾರಕ್ಕಿಂತ ಹೆಚ್ಚು ದಿನದಿಂದ ಹೀಗಿದೆಯೇ, ಮನೆಯಲ್ಲೂ ಶಾಲೆಯಲ್ಲೂ ಹೀಗೇ ಇದೆಯೇ, ನಿದ್ದೆ ಊಟ ಕೆಟ್ಟಿದೆಯೇ ಎಂದು ನೋಡಬೇಕು. ಸಾಯುವ ಮಾತು ಮಗುವಿನ ಬಾಯಲ್ಲಿ, ಆಟದಲ್ಲಿ, ಚಿತ್ರದಲ್ಲಿ ಮತ್ತೆ ಮತ್ತೆ ಬಂದರೆ ಮಾತ್ರ ಎರಡು ವಾರವೂ ಕಾಯಬಾರದು. ಬಾಯಿ ಮುಚ್ಚಿಸದೆ, ಹಾಗೆ ಯಾಕನಿಸುತ್ತದೆ ಎಂದು ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ.

2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ 7.3 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ ಎಂದಿತು. ನನ್ನ ತರಗತಿಯ ವಯಸ್ಸಿನವರು ಆ ಲೆಕ್ಕದೊಳಗೇ ಇರಲಿಲ್ಲ. ಲೆಕ್ಕಕ್ಕೆ ಬಾರದ ಮಕ್ಕಳನ್ನು ದಿನಾ ಐದಾರು ಗಂಟೆ ನೋಡುವವರು ನಾವು, ಶಿಕ್ಷಕರು. ನಲಿ-ಕಲಿ ತರಬೇತಿಯಲ್ಲಿ ಕಲಿಕಾ ಏಣಿ, ಮೈಲಿಗಲ್ಲುಗಳ ಜೊತೆಗೆ ಇದಕ್ಕೂ ಒಂದು ದಿನ ಮೀಸಲಿಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾನಂತೂ ಪ್ರತಿ ಜೂನ್‌ನಲ್ಲಿ ಒಂದು ನೋಟ್‌ಬುಕ್ ಇಟ್ಟು ಯಾವ ಮಗುವಿಗೆ ಯಾವುದರಲ್ಲಿ ಖುಷಿ ಎಂದು ಬರೆದುಕೊಳ್ಳುತ್ತೇನೆ: ಒಬ್ಬನಿಗೆ ಗೋಲಿ, ಒಬ್ಬಳಿಗೆ ಹಾಡು, ಇನ್ನೊಬ್ಬನಿಗೆ ಗಂಟೆ ಬಾರಿಸುವುದು. ಏನಿತ್ತೆಂದು ಗೊತ್ತಿದ್ದರೆ ತಾನೇ ಏನು ಹೋಯಿತೆಂದು ತಿಳಿಯುವುದು.

ನಿಮ್ಮ ಮನೆಯಲ್ಲೋ ತರಗತಿಯಲ್ಲೋ ಆಟ ಬಿಟ್ಟು ಕೂತ ಮಗುವಿದ್ದರೆ, ವಯಸ್ಸಾದಂತೆ ಸರಿಹೋಗುತ್ತದೆ ಎಂದು ಮುಂದೂಡಬೇಡಿ. ಶಾಲೆಗೆ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡದವರಿಗೆ ಹೇಳಿ, ಇಲ್ಲವೇ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಅಷ್ಟು ದೂರ ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.