ಕಿತ್ತುಹಾಕುವ ಮುನ್ನ

ಮನೆಯ ಕಂಪ್ಯೂಟರಿನಲ್ಲಿ ಮೈಎಸ್‌ಕ್ಯೂಎಲ್ ಹಾಕಿಕೊಂಡು ಕಲಿಯುತ್ತಿದ್ದೀರಿ, ಒಂದು ಬೆಳಿಗ್ಗೆ ಸರ್ವರ್ ಏಳಲೊಲ್ಲದು. ಆಗ ಕೈ ತಾನಾಗಿ ಹೋಗುವುದು ಅನ್‌ಇನ್‌ಸ್ಟಾಲ್ ಕಡೆಗೆ. ಸ್ವಲ್ಪ ತಾಳಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಕೆಲಸ ಅದು. ಕೊಯ್ದರೂ ನೆಗಡಿ ಹೋಗದಿರಬಹುದು: ವಿಂಡೋಸ್‌ನಲ್ಲಿ ತಂತ್ರಾಂಶ ತೆಗೆದ ಮೇಲೂ ಪ್ರೋಗ್ರಾಂಡೇಟಾ ಎಂಬ ಮರೆಯ ಫೋಲ್ಡರಿನಲ್ಲಿ ಹಳೆಯ ದತ್ತಾಂಶ ಉಳಿದುಬಿಡಬಹುದು. ಹೊಸದಾಗಿ ಹಾಕಿದಾಗ ಹಳೆಯ ಪಾಸ್‌ವರ್ಡೇ ಕಾಲಿಗೆ ತೊಡರುತ್ತದೆ.

ಮೊದಲು ಎರರ್ ಲಾಗ್ ತೆರೆಯಿರಿ. ಸಾಮಾನ್ಯವಾಗಿ ಡೇಟಾ ಫೋಲ್ಡರಿನಲ್ಲೇ ಇರುತ್ತದೆ. ಕೊನೆಯ ಹತ್ತಿಪ್ಪತ್ತು ಸಾಲು ಓದಿದರೆ ಸಾಕು, ಕಾರಣ ಬಹುಪಾಲು ಅಲ್ಲೇ ಸಿಗುತ್ತದೆ. 3306ನೇ ಪೋರ್ಟನ್ನು ಇನ್ನೊಂದು ಸರ್ವರ್ ಹಿಡಿದು ಕೂತಿರಬಹುದು. ಹಿಂದೆಂದೋ ಜಾಂಪ್ (XAMPP) ಎಂಬ ತಂತ್ರಾಂಶಗಳ ಕಟ್ಟನ್ನು ಹಾಕಿಕೊಂಡು ಮರೆತವರಿಗೆ ಇದು ಮಾಮೂಲು. ಅದರೊಳಗಿನ ಮರಿಯಾಡಿಬಿ ಸರ್ವರ್ ಕೂಡ ಅದೇ ಪೋರ್ಟನ್ನು ಕೇಳುತ್ತದೆ. ಡಿಸ್ಕ್ ತುಂಬಿದ್ದರೂ ಹೀಗಾದೀತು.

ಏನನ್ನೇ ಮುಟ್ಟುವ ಮೊದಲು ಸರ್ವರ್ ನಿಂತಿದೆಯೆಂದು ಖಚಿತಪಡಿಸಿಕೊಂಡು ಡೇಟಾ ಫೋಲ್ಡರನ್ನು ಇಡಿಯಾಗಿ ಬೇರೆ ಕಡೆ ನಕಲು ಮಾಡಿಡಿ. ‘ಆ ಫೋಲ್ಡರಿನ ಐಬಿಡೇಟಾ1 (ibdata1) ಕಡತ ಅಳಿಸಿ, ಸರಿಹೋಗುತ್ತೆ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ ಮಹರಾಯರೇ. ಸರ್ವರ್ ಎದ್ದೀತು, ನಿಮ್ಮ ಟೇಬಲ್‌ಗಳು ಏಳುವುದಿಲ್ಲ.